ಬಲಬದಿಗೆ ಕೂತ ಚಪ್ಪರವನ್ನು ಬಲಬದಿಯಲ್ಲೇ ಬಿಡುವ ಬಗ್ಗೆ

ಇಂದ,
ಶ್ರೀಮತಿ ಕುಮುದಾ ಪದ್ಮನಾಭ, ಬಿ.ಎ.,
ಅಡಿಗೆಮನೆ ವಿಭಾಗ,
ಗಲ್ಲಿಯ ಕೊನೆಯ ಮನೆ, ಸನತ್‌ನಗರ, ಹೈದರಾಬಾದ್.

ಗೆ,
ಶ್ರೀ ಪದ್ಮನಾಭ ಅವರು,
ಕಾರ್ಖಾನೆಯ ನಿರ್ವಹಣಾ ವಿಭಾಗದ ನಿವೃತ್ತ ಮುಖ್ಯಸ್ಥರು,
ಹಾಲಿ ಅಧ್ಯಕ್ಷರು, ಮುಖ್ಯ ಎಂಜಿನಿಯರರು ಹಾಗೂ ಏಕೈಕ ಸದಸ್ಯರು, ಪಿಕಪ್ ಚಪ್ಪರ ಯೋಜನೆ,
ವರಾಂಡದ ಬೆತ್ತದ ಕುರ್ಚಿ, ಅದೇ ಮನೆ.

ದಿನಾಂಕ: ಏಪ್ರಿಲ್ ೨೦೦೫, ಗುರುವಾರ, ಮಧ್ಯಾಹ್ನದ ಊಟವಾದ ಮೇಲೆ.

ವಿಷಯ: ಪಿಕಪ್ ಗಾಡಿಯ ಫೈಬರ್ ಗೂಡಿಗೆ ತಾವು ಜೋಡಿಸಿರುವ ಮಡಚುವ ಚಪ್ಪರವನ್ನು ಬರುವ ಭಾನುವಾರ ಕಳಚದಿರುವಂತೆ ಕೋರಿ.

ಉಲ್ಲೇಖ:
೧. ಮೊನ್ನೆ ಬೆಳಿಗ್ಗೆ ಕಾಫಿಯ ಹೊತ್ತಿನಲ್ಲಿ ತಾವು ಹೊರಡಿಸಿದ ಮೌಖಿಕ ಆದೇಶ: "ಭಾನುವಾರ ಸೂರ್ಯನಾರಾಯಣ ಡ್ರಿಲ್ ತರ್ತಾನೆ. ಚಪ್ಪರ ಬಿಚ್ಚಿ ಆ ಕಡೆ ಹಾಕ್ತೀವಿ."
೨. ಅರ್ಜಿದಾರಳು ಬೇಡವೆಂದಾಗ ಪೇಪರಿನ ಹಿಂದಿನಿಂದ ಬಂದ ಉತ್ತರ: "ಏನಿದ್ರೂ ಬರೆದು ಕೊಡು."
೩. ಬೋಲ್ಟು ಹಾಕುವ ದಿನ ಅರ್ಜಿದಾರಳು ಕೇಳಿದ ಒಂದು ಪ್ರಶ್ನೆ ಮತ್ತು ಅದಕ್ಕೆ ತಾವು ದಯಪಾಲಿಸಿದ "ಹ್ಞೂಂ".

ಮಾನ್ಯರೇ,

ಮೇಲ್ಕಂಡ ವಿಷಯ ಹಾಗೂ ಉಲ್ಲೇಖಗಳಿಗೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಅರ್ಜಿದಾರಳು ತಮ್ಮ ಧರ್ಮಪತ್ನಿಯಾಗಿದ್ದು, ಮದುವೆಯಾದಂದಿನಿಂದ ಒಂದೇ ಒಂದು ಅರ್ಜಿಯನ್ನೂ ಸಲ್ಲಿಸಿರುವುದಿಲ್ಲ. ಬೇಕಾದದ್ದನ್ನು ಬಾಯಲ್ಲೇ ಕೇಳಿ, ಸಿಕ್ಕಷ್ಟಕ್ಕೆ ತೃಪ್ತಳಾಗಿರುತ್ತಾಳೆ. ಆದರೆ ತಮ್ಮ ವಿಭಾಗದಲ್ಲಿ ಒಂದು ಸ್ಕ್ರೂ ಕೂಡ ಅರ್ಜಿಯಿಲ್ಲದೆ ಅಲುಗಾಡುತ್ತಿರಲಿಲ್ಲ ಎಂಬುದನ್ನು ತಾವೇ ಹೆಮ್ಮೆಯಿಂದ ಹೇಳುತ್ತಿದ್ದಿರಿ. ಈಗ ಬಿಚ್ಚಲಿರುವುದು ಹಲವು ಸ್ಕ್ರೂಗಳು. ಆದಕಾರಣ ಈ ಅರ್ಜಿ. "ಓದೋನಿಗೆ ಏನೂ ಗೊತ್ತಿಲ್ಲ ಅಂತ ತಿಳ್ಕೊಂಡು ಬರೀಬೇಕು" ಎಂಬುದೂ ತಮ್ಮದೇ ನಿಯಮವಾದ್ದರಿಂದ, ತಮಗೆ ಚೆನ್ನಾಗಿ ಗೊತ್ತಿರುವುದನ್ನೂ ಇಲ್ಲಿ ಮೊದಲಿನಿಂದ ಬರೆಯಲಾಗಿದೆ. ಬೇಸರಿಸಬಾರದು.

೧. ಸದರಿ ಪಿಕಪ್ ಗಾಡಿಯು ಮೊದಲು ಮಾದಾಪುರದ ಕಡೆಯ ಸಾಫ್ಟ್‌ವೇರ್ ಕಚೇರಿಗಳಿಗೆ ಕಂಪ್ಯೂಟರ್ ಪೆಟ್ಟಿಗೆಗಳನ್ನು ಹೊರುತ್ತಿತ್ತು. ಪೆಟ್ಟಿಗೆಗಳು ನೆನೆಯದಿರಲೆಂದು ಅದರ ಬೆನ್ನ ಮೇಲೆ ಬಿಳಿಯ ಫೈಬರ್ ಗೂಡನ್ನು ಕೂರಿಸಿದ್ದರು. ಕಂಪನಿ ಮುಚ್ಚಿತು, ಗಾಡಿ ಹರಾಜಿಗೆ ಬಂತು. ತಾವು ಬೆಳಿಗ್ಗೆ ಕೊತ್ತಂಬರಿ ತರಲು ಹೋದವರು ಮಧ್ಯಾಹ್ನ ಗಾಡಿಯೊಂದಿಗೆ ಬಂದಿರಿ. ಕೊತ್ತಂಬರಿ ಬರಲಿಲ್ಲ. ಅಂದು ಸಾರಿಗೆ ಒಗ್ಗರಣೆ ಮಾತ್ರ ಹಾಕಿದ್ದನ್ನು ತಾವು ನೆನಪಿಟ್ಟುಕೊಂಡಿರಲಾರಿರಿ.

೨. ಗಾಡಿ ಏಕೆಂದು ಅರ್ಜಿದಾರಳು ಕೇಳಿದಳು. ಗೂಡಿನ ಒಳಗೆ ಪೊರಕೆ ಹಿಡಿದು ಬಾಗಿದ್ದವರು ಅಲ್ಲಿಂದಲೇ ಹೇಳಿದಿರಿ. "ರೈಲಲ್ಲಿ ಹೋಗೋವಾಗ ನೀನು ಹೇಳ್ತಿದ್ದೆಯಲ್ಲ, ಇಲ್ಲಿ ಇಳಿದು ಊಟ ಮಾಡಿದ್ರೆ ಎಷ್ಟು ಚೆನ್ನಾಗಿರುತ್ತೆ ಅಂತ."

ಇದು ನಿಜ. ಕಾಚಿಗೂಡದಲ್ಲಿ ರೈಲು ಹತ್ತಿ ಊರ ಕಡೆಗೆ ಹೋಗುವಾಗಲೆಲ್ಲ, ಮೆಹಬೂಬ್‌ನಗರ ದಾಟುತ್ತಿದ್ದಂತೆ ಹೊಲಗಳು ಶುರುವಾಗುತ್ತವೆ. ಒಂದು ಕಡೆ ಬಾವಿ, ಬಾವಿಯ ಪಕ್ಕ ಸೂರ್ಯಕಾಂತಿ. ಅರ್ಜಿದಾರಳು ಕಿಟಕಿಯ ಕಂಬಿಗೆ ಹಣೆಯಿಟ್ಟು ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದಳು. ತಾವು ಪೇಪರು ಓದುತ್ತಿದ್ದಿರಿ. ಕೇಳಿಸಿಕೊಂಡಿಲ್ಲವೆಂದೇ ಅರ್ಜಿದಾರಳ ತಿಳಿವಳಿಕೆಯಾಗಿತ್ತು. ಕೇಳಿಸಿಕೊಂಡಿದ್ದೀರಿ ಎಂಬುದು ಪೊರಕೆಯ ಹಿಂದಿನಿಂದ ತಿಳಿಯಿತು. ಈ ಅಂಶವನ್ನು ಕಡತದಲ್ಲಿ ಮೊದಲೇ ದಾಖಲಿಸುವುದು ನ್ಯಾಯ.

೩. ಹೊಲದ ಪಕ್ಕ ಊಟವೆಂದರೆ ಬಿಸಿಲು. ಬಿಸಿಲೆಂದರೆ ನೆರಳು ಬೇಕು. ಕಾರಣ, ಚಪ್ಪರ. ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿರುವ ಮೈಸೂರಿನ ಹುಡುಗ ರೋಹಿತ ತನ್ನ ಕಂಪನಿಯ ಕೆಲಸಕ್ಕೆಂದು ಅಮೆರಿಕಕ್ಕೆ ಹೋಗಿ ಬರುವಾಗ, ಇಂಥ ಗಾಡಿಗಳಿಗೆಂದೇ ಮಾಡಿದ ಕಬ್ಬಿಣದ ತೋಳುಗಳನ್ನೂ ಅವನ್ನು ಕೂರಿಸುವ ವಿಧಾನದ ಕೈಪಿಡಿಯನ್ನೂ ತಂದುಕೊಟ್ಟನು. ತನ್ನ ಚೀಲದಲ್ಲಿ ತನ್ನ ತಾಯಿಗೆಂದು ತಂದ ಚಾಕಲೇಟಿಗಿಂತ ನಮ್ಮ ಕಬ್ಬಿಣಕ್ಕೇ ಹೆಚ್ಚು ಜಾಗ ಕೊಟ್ಟಿದ್ದ. ಬಟ್ಟೆ ಮಾತ್ರ ಇಲ್ಲಿಯದು. ಕಾಚಿಗೂಡದ ಶಾಮಿಯಾನದ ಅಂಗಡಿಯಲ್ಲಿ ತಾವೇ ಆರಿಸಿದ್ದು. ಕೆಂಪು ಮತ್ತು ಹಳದಿ ಪಟ್ಟೆ, ಅಂಚಿಗೆ ಜಾಲರಿ. "ಗಟ್ಟಿ ಬಟ್ಟೆ ಕಣೇ" ಎಂದಿರಿ. ಗಟ್ಟಿಯಿದೆ, ನಿಜ. ನೋಡಿದವರಿಗೆಲ್ಲ ಒಳಗೆ ಎಲೆ ಹಾಕಿದ್ದಾರೇನೋ ಎನಿಸುತ್ತದೆ.

೪. ಜೋಡಣೆಯ ಕೆಲಸದ ಬಗ್ಗೆ ಅರ್ಜಿದಾರಳಿಗೆ ಗೌರವವಿದೆ. ಬರೀ ಫೈಬರಿಗೆ ಬೋಲ್ಟು ಬಿಗಿದರೆ ಅದು ಹಪ್ಪಳದಂತೆ ಸೀಳುತ್ತದೆಯೆಂದು ತಾವು ಒಳಗಡೆಯಿಂದ ತಗಡಿನ ಪಟ್ಟಿಯನ್ನು ಆಸರೆಯಾಗಿ ಕೊಟ್ಟಿರಿ. ಮಳೆನೀರು ತೂತಿನೊಳಗೆ ಇಳಿಯದಿರಲೆಂದು ಪ್ರತಿ ಬೋಲ್ಟಿಗೂ ರಬ್ಬರಿನ ಬಳೆ ತೊಡಿಸಿದಿರಿ. ಸದರಿ ತಗಡು ಅರ್ಜಿದಾರಳು ಒಬ್ಬಟ್ಟು ತಟ್ಟುತ್ತಿದ್ದ ತಗಡು ಎಂಬುದೂ, ಸದರಿ ರಬ್ಬರು ಹಬ್ಬಕ್ಕೆ ಮಾತ್ರ ಇಳಿಸುವ ದೊಡ್ಡ ಕುಕ್ಕರಿನ ಮುಚ್ಚಳದ ಉಂಗುರವನ್ನು ಕತ್ತರಿಸಿದ್ದೆಂಬುದೂ ಯುಗಾದಿಯ ಹಿಂದಿನ ದಿನ ಬೆಳಕಿಗೆ ಬಂದವು. ಅಂದು ಬೇಳೆ ಬೇಯಲಿಲ್ಲ, ಒಬ್ಬಟ್ಟೂ ಆಗಲಿಲ್ಲ. ಈ ಬಗ್ಗೆ ಅರ್ಜಿದಾರಳು ಯಾವ ಪರಿಹಾರವನ್ನೂ ಕೋರುತ್ತಿಲ್ಲ. ತಗಡು ಒಳ್ಳೆಯ ಕಡೆ ಸೇರಿದೆ ಎಂಬುದು ಮುಂದೆ ತಿಳಿಯುತ್ತದೆ.

೫. ಈಗ ಉಲ್ಲೇಖ ಮೂರಕ್ಕೆ ಬರುವುದಾದರೆ. ಕೈಪಿಡಿಯಲ್ಲಿ ಚಪ್ಪರವನ್ನು ಪ್ರಯಾಣಿಕರು ಕೂರುವ ಬದಿಗೆ ಜೋಡಿಸಬೇಕೆಂದು ಬರೆದಿತ್ತು. ರೋಹಿತ ಅದನ್ನು ಓದಿ ಹೇಳಿದ. "ಅಂಕಲ್, ಪ್ಯಾಸೆಂಜರ್ ಸೈಡ್ ಅಂತಿದೆ."

"ಚಿತ್ರ ಇದೆಯಲ್ಲಪ್ಪ, ಬಲಗಡೆ" ಎಂದಿರಿ ತಾವು. "ಎಂಜಿನಿಯರ್ ಆದೋನು ಚಿತ್ರ ನೋಡ್ತಾನೆ."

ರೋಹಿತ ಒಮ್ಮೆ ಚಿತ್ರವನ್ನೂ ಒಮ್ಮೆ ತಮ್ಮ ಮುಖವನ್ನೂ ನೋಡಿ, ಆಫೀಸಿನ ಕ್ಯಾಬ್ ಬಂತೆಂದು ಹೊರಟುಹೋದ. ಕ್ಯಾಬ್ ಬಂದದ್ದು ಅದಾದ ಬಹಳ ಹೊತ್ತಿನ ಮೇಲೆ. ಅರ್ಜಿದಾರಳು ಕಾಫಿ ಲೋಟ ಹಿಡಿದುಕೊಂಡು, "ಪ್ರಯಾಣಿಕಳು ಅಂದ್ರೆ ನಾನು ತಾನೇ, ನಾನು ಎಡಗಡೆಯಲ್ವೇ ಕೂರೋದು" ಎಂದು ಕೇಳಿದ್ದಳು. ಆಗ ದೊರೆತದ್ದು ಸದರಿ "ಹ್ಞೂಂ". ಅರ್ಜಿದಾರಳು ಇದನ್ನು ನೆನಪಿಸುತ್ತಿರುವುದು ಗೆದ್ದೆನೆಂದು ತೋರಿಸಲು ಅಲ್ಲ. ಉಲ್ಲೇಖ ಪೂರ್ತಿಯಾಗಿರಲಿ ಎಂದು ಮಾತ್ರ.

ಚಿತ್ರ ಅಮೆರಿಕದ್ದು. ಅಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಹೋಗುತ್ತವೆ, ಅಲ್ಲಿಯ ಹೊಲವೂ ಬಲಕ್ಕೇ ಸಿಗುತ್ತದೆ. ನಾವು ಎಡಕ್ಕೆ ಹೋಗುವವರು.

೬. ತಪ್ಪು ಮನೆಯ ಮುಂದೆ ತಿಳಿಯಲಿಲ್ಲ, ಅದಕ್ಕೂ ಕಾರಣವಿದೆ. ನಮ್ಮದು ಕೊನೆ ಮುಚ್ಚಿದ ಗಲ್ಲಿ. ಗಾಡಿ ತಿರುಗಿಸಲು ಜಾಗವಿಲ್ಲವಾದ್ದರಿಂದ ತಾವು ಅದನ್ನು ಹಿಮ್ಮುಖವಾಗಿ ತಂದು, ಮುಖವನ್ನು ಮುಖ್ಯರಸ್ತೆಯ ಕಡೆಗಿಟ್ಟು ನಿಲ್ಲಿಸುತ್ತೀರಿ. ಹಾಗೆ ನಿಂತಾಗ ಅದರ ಬಲಬದಿ ನಮ್ಮ ಕಾಂಪೌಂಡಿನ ಕಡೆಗೆ ಬರುತ್ತದೆ. ಚಪ್ಪರ ಹರಡಿದರೆ ನೆರಳು ಸರಿಯಾಗಿ ಗೋಡೆಯ ಹೊರಗಿನ ನಮ್ಮ ಕಲ್ಲುಬೆಂಚಿನ ಮೇಲೆ ಬೀಳುತ್ತದೆ. ತಾವು ಬೆಂಚಿನ ಮೇಲೆ ಕುಳಿತು, "ನೋಡಿದೆಯಾ" ಎಂದಿರಿ. ಅರ್ಜಿದಾರಳು ನೋಡಿದಳು. ಚೆನ್ನಾಗಿತ್ತು.

೭. ಮಾರ್ಚ್ ತಿಂಗಳಲ್ಲಿ ಒಂದು ಭಾನುವಾರ ತಾವು ಅರ್ಜಿದಾರಳನ್ನು ಸದರಿ ಗಾಡಿಯಲ್ಲಿ ಕರೆದುಕೊಂಡು ಮೆಹಬೂಬ್‌ನಗರದ ದಾರಿ ಹಿಡಿದಿರಿ. ಹೆದ್ದಾರಿ ಬಿಟ್ಟು ಹಳ್ಳಿಯ ರಸ್ತೆಗೆ ಇಳಿದಾಗ ಸೂರ್ಯಕಾಂತಿ ಹೊಲ ಸಿಕ್ಕಿತು. ಬಾವಿಯೂ ಇತ್ತು. ತಾವು ರಸ್ತೆಯ ಎಡ ಅಂಚಿಗೆ ನಿಲ್ಲಿಸಿದಿರಿ. ಅರ್ಜಿದಾರಳು ಬುತ್ತಿಯ ಡಬ್ಬಿ ಹಿಡಿದು ಎಡಕ್ಕೆ ಇಳಿದು, ಹೊಲದ ಬದುವಿನಲ್ಲಿ ಚಾಪೆ ಹಾಸಿದಳು. ತಾವು ಬಲಕ್ಕೆ ಇಳಿದು ಚಪ್ಪರ ಬಿಚ್ಚಿದಿರಿ.

ಚಾಪೆ ಒಂದು ಕಡೆ, ನೆರಳು ಇನ್ನೊಂದು ಕಡೆ, ಮಧ್ಯದಲ್ಲಿ ಗಾಡಿ. ಕೆಂಪು ಹಳದಿ ಚಪ್ಪರ ಅರ್ಧ ರಸ್ತೆಯ ಮೇಲೆ ಜಾಲರಿ ಬೀಸುತ್ತ ನಿಂತಿತು. ತಾವು ಅದರ ಕೆಳಗೆ ಟಾರಿನ ಮೇಲೆ ಒಬ್ಬರೇ ನಿಂತಿದ್ದಿರಿ. ಅರ್ಜಿದಾರಳು ಬಿಸಿಲಿನಲ್ಲಿ ಚಾಪೆಯ ಮೇಲೆ ಕುಳಿತು, ಗಾಡಿಯ ಕೆಳಗಿನಿಂದ ತಮ್ಮ ಚಪ್ಪಲಿಗಳನ್ನು ನೋಡುತ್ತಿದ್ದಳು. ಚಪ್ಪಲಿಗಳು ಬಹಳ ಹೊತ್ತು ಅಲುಗಾಡಲಿಲ್ಲ.

ಅಷ್ಟರಲ್ಲಿ ಬಸ್ಸು ಬಂತು. ಮಡಚಲು ಹೋದರೆ ತೋಳು ಸಿಕ್ಕಿಕೊಂಡಿತು. ಬಸ್ಸು ನಿಂತಿತು, ಕಂಡಕ್ಟರು ಇಳಿದುಬಂದು, "ಪೆಳ್ಳಿ ಎವರಿದಿ ಸಾರ್?" ಎಂದು, ಮದುವೆ ಯಾರದೆಂದು ವಿನಯದಿಂದಲೇ ಕೇಳಿದರು. ತಾವು ತೋಳನ್ನು ಎಳೆಯುತ್ತಲೇ ಇದ್ದಿರಿ. ಅವರು ಮತ್ತೆ ಕೇಳಲಿಲ್ಲ. ಟಿಕೆಟಿನ ಚೀಲವನ್ನು ಬೆನ್ನಿಗೆ ಸರಿಸಿ ಒಂದು ತೋಳು ಹಿಡಿದರು. ಚಾಲಕ, ಹೊಗೆ ನಮ್ಮ ಬುತ್ತಿಯ ಕಡೆ ಹೋಗುತ್ತಿದೆಯೆಂದು ಎಂಜಿನ್ನನ್ನೇ ಆರಿಸಿದ. ಒಬ್ಬ ಮುದುಕಿ ಕಿಟಕಿಯಿಂದ ಅರ್ಜಿದಾರಳಿಗೆ ಒಂದು ಹಿಡಿ ಹುಣಸೆ ಚಿಗುರು ಕೊಟ್ಟಳು. ಏಕೆ ಕೊಟ್ಟಳೋ ತಿಳಿಯದು. ಮದುವೆಯ ಮನೆಯವಳೆಂದು ಕೊಟ್ಟಿರಬಹುದು. ಚಪ್ಪರ ಮಡಚಿದ ಮೇಲೆ ಕಂಡಕ್ಟರು ಅದರ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ, "ಮಂಚಿ ಪಂದಿರಿ ಸಾರ್" ಎಂದರು, ಒಳ್ಳೆಯ ಚಪ್ಪರ ಎಂದು. ನಗಲಿಲ್ಲ. ಬಸ್ಸಿನಲ್ಲಿ ನಕ್ಕವರ ಕಡೆಗೆ ತಿರುಗಿ ನೋಡಿ ಅವರನ್ನೂ ಸುಮ್ಮನಾಗಿಸಿದರು. ತಾವು ಆಗ ಬೋಲ್ಟನ್ನು ನೋಡುತ್ತಿದ್ದುದರಿಂದ ಇದನ್ನು ಗಮನಿಸಿರಲಾರಿರಿ. ಅರ್ಜಿದಾರಳು ಗಮನಿಸಿದ್ದಾಳೆ.

೮. ಬುತ್ತಿಯನ್ನು ಮನೆಗೆ ಬಂದು ಊಟದ ಮೇಜಿನ ಮೇಲೆ ಬಿಚ್ಚಿದೆವು. ಮೊಸರನ್ನ ಚೆನ್ನಾಗಿಯೇ ಇತ್ತು. ಎರಡನೆಯ ಸಲ ಯಾರೂ ಹಾಕಿಸಿಕೊಳ್ಳಲಿಲ್ಲ.

೯. ತರುವಾಯ, ತಮ್ಮ ಜೊತೆ ಕಾರ್ಖಾನೆಯಲ್ಲಿದ್ದ, ಈಗ ಪಕ್ಕದ ಗಲ್ಲಿಯಲ್ಲಿರುವ ಸೂರ್ಯನಾರಾಯಣ ಅವರಿಗೆ ತಾವೇ ಈ ವಿಷಯ ಹೇಳಿದಿರಿ. ಹೇಳಬಾರದಿತ್ತು. ಅವರು ಅಂದಿನಿಂದ ಗೇಟಿನಲ್ಲಿ ನಿಂತು, "ಏಮಯ್ಯಾ ಪದ್ಮನಾಭಂ, ಅಮೆರಿಕಾ ಪ್ರಯಾಣಂ ಎಪ್ಪುಡು?" ಎಂದು, ಅಮೆರಿಕಕ್ಕೆ ಹೊರಡುವುದು ಯಾವಾಗೆಂದು ಕೇಳುವುದನ್ನು ನಿಲ್ಲಿಸಿಲ್ಲ. ಅವರ ಮನಸ್ಸಿನಲ್ಲಿ ಕೆಟ್ಟದ್ದಿಲ್ಲ. ಸ್ವಂತ ಡ್ರಿಲ್ಲನ್ನು ಯಾರಿಗೂ ಕೊಡದ ಮನುಷ್ಯ ಭಾನುವಾರ ಅದನ್ನು ಹೊತ್ತು ತರುತ್ತೇನೆಂದು ಯಾರೂ ಕೇಳದೆಯೇ ಒಪ್ಪಿದ್ದಾರೆ. ಕಷ್ಟವೇನೆಂದರೆ, ಅವರು ಒಪ್ಪಿದರೆ ತಪ್ಪದೆ ಬರುತ್ತಾರೆ.

೧೦. ಈಗ ಅರ್ಜಿಯ ಮುಖ್ಯ ಅಂಶ.

ನಮ್ಮ ಗಲ್ಲಿಯ ಕೊನೆಯ ಗೋಡೆಯಾಚೆ ಇದ್ದ ಸ್ಕ್ರೂ ಕಾರ್ಖಾನೆಯನ್ನು ಕೆಡವಿ, ಸಾಫ್ಟ್‌ವೇರಿನವರಿಗೆಂದು ಫ್ಲ್ಯಾಟುಗಳನ್ನು ಕಟ್ಟುತ್ತಿರುವುದು ತಮಗೆ ತಿಳಿದೇ ಇದೆ. ದೂಳು ತಮ್ಮ ಕುರ್ಚಿಯವರೆಗೂ ಬರುತ್ತದೆ. ಅಲ್ಲಿ ಕೆಲಸಕ್ಕೆ ಬಂದ ಯಾದಗಿರಿ ಕಡೆಯವರಲ್ಲಿ ಸುಗಲಮ್ಮ ಎಂಬ ಹೆಂಗಸಿದ್ದಾರೆ. ಮಗ ಕಂಬಿ ಕಟ್ಟುತ್ತಾನೆ, ಸೊಸೆ ಗದಿಗೆಮ್ಮ ಮರಳು ಹೊರುತ್ತಾಳೆ. ಸುಗಲಮ್ಮನಿಗೆ ಮೊಣಕಾಲು ನೋವು, ಹೊರುವ ಕೆಲಸ ಆಗದು. ಅವರ ಪಾಲಿಗೆ ಮೊಮ್ಮಗಳು ಗಂಗಾ. ಇನ್ನೂ ಕುತ್ತಿಗೆ ಗಟ್ಟಿಯಾಗುತ್ತಿರುವ ಕೂಸು.

ಸದರಿ ಕೂಸನ್ನು ಮೊದಲು ಗಾರೆಯವರು ನಿಲ್ಲುವ ಸಾರುವೆಯ ಕೆಳಗೆ ಮಲಗಿಸುತ್ತಿದ್ದರು. ಮೇಲಿನಿಂದ ಕಲ್ಲಿನ ಚೂರು ಬಿತ್ತು. ಕೂಸಿನ ಮೇಲಲ್ಲ, ಪಕ್ಕಕ್ಕೆ. ಅಲ್ಲಿಂದ ಮುಂದೆ ಸುಗಲಮ್ಮ ಅದನ್ನು ಸೊಂಟಕ್ಕಿಟ್ಟುಕೊಂಡು ನೆರಳು ಹೋದ ಕಡೆಗೆಲ್ಲ ಹೋಗುತ್ತಿದ್ದರು. ನಡುಮಧ್ಯಾಹ್ನ ನಮ್ಮ ಗಲ್ಲಿಯಲ್ಲಿ ನೆರಳೇ ಇರುವುದಿಲ್ಲ. ಒಂದು ದಿನ ಅವರು ಸಿಮೆಂಟ್ ಚೀಲವನ್ನು ತಲೆಯ ಮೇಲೆ ಹಿಡಿದು ಕೂಸಿಗೆ ಚಪ್ಪರವಾಗಿ ನಿಂತಿದ್ದನ್ನು ಅರ್ಜಿದಾರಳು ಅಡಿಗೆಮನೆಯ ಕಿಟಕಿಯಿಂದ ನೋಡಿದಳು. ತಾವು ಮಲಗಿದ್ದಿರಿ. ತಮ್ಮ ಅನುಮತಿ ಪಡೆಯದೆ ಅರ್ಜಿದಾರಳು ಹೊರಗೆ ಹೋಗಿ ಚಪ್ಪರ ಬಿಚ್ಚಿ, ಬೆಂಚಿನ ಒಂದು ತುದಿಯಲ್ಲಿ ಸಂಡಿಗೆಯ ತಟ್ಟೆ ಇಟ್ಟಳು.

"ಯಾರ ಲಗ್ನರಿ ಅವ್ವಾ?" ಎಂದು ಸುಗಲಮ್ಮ ಕೇಳಿದರು.

"ಲಗ್ನ ಯಾರದ್ದೂ ಇಲ್ಲ. ಸಂಡಿಗೆ ಒಣಗಿಸೋಣ ಅಂತ."

ಸುಗಲಮ್ಮ ಚಪ್ಪರವನ್ನು ನೋಡಿದರು, ತಟ್ಟೆಯನ್ನು ನೋಡಿದರು. "ನೆರಳಾಗ ಸಂಡಿಗಿ ಒಣಗ್ತಾವೇನ್ರಿ?"

"ನಿಧಾನಕ್ಕೆ ಒಣಗ್ತವೆ."

"ಹಂಗಾದ್ರ ನಮ್ಮ ಕೂಸೂ ಒಂದೀಟು ಬಾಜೂಕ ಒಣಗ್ಲಿ ಬಿಡ್ರಿ. ಬೆವತು ತೊಪ್ಪಿ ಆಗೈತಿ."

ಅಂದಿನಿಂದ ದಿನವೂ ಮಧ್ಯಾಹ್ನ ಸದರಿ ಕೂಸು ಅಲ್ಲಿಯೇ ಇದೆ. ಸೀರೆಯ ಜೋಲಿಯ ಒಂದು ತುದಿಯನ್ನು ನಮ್ಮ ಕಾಂಪೌಂಡಿನ ಕಬ್ಬಿಣದ ಬಳೆಗೂ ಇನ್ನೊಂದು ತುದಿಯನ್ನು ತಾವು ಬಿಗಿದ ತೋಳಿನ ಬುಡಕ್ಕೂ ಕಟ್ಟುತ್ತಾರೆ. ಕಟ್ಟುವ ಮೊದಲು ಸುಗಲಮ್ಮ ಅದಕ್ಕೆ ಜೋತುಬಿದ್ದು ನೋಡಿದರು. "ಭಾಳ ಗಟ್ಟಿ ಐತ್ರಿ. ಯಾರು ಹಾಕ್ಯಾರಿದನ್ನ?" ಎಂದರು. ನಮ್ಮ ಯಜಮಾನರು ಎಂದು ಅರ್ಜಿದಾರಳು ಹೇಳಿದಳು. ಹೇಳುವಾಗ ಸ್ವಲ್ಪ ಬೀಗಿದ್ದನ್ನು ಒಪ್ಪಿಕೊಳ್ಳುತ್ತಾಳೆ. ಒಬ್ಬಟ್ಟಿನ ತಗಡು ಒಳ್ಳೆಯ ಕಡೆ ಸೇರಿದೆ ಎಂದು ಮೇಲೆ ಹೇಳಿದ್ದು ಇದೇ ಕಾರಣದಿಂದ.

೧೧. ತಮಗೆ ಇದು ತಿಳಿಯದೆಂದೇ ಅರ್ಜಿದಾರಳು ಕೆಲಕಾಲ ನಂಬಿದ್ದಳು. ಆ ನಂಬಿಕೆಗೆ ವಿರುದ್ಧವಾಗಿ ಕೆಳಕಂಡ ಸಂಗತಿಗಳು ಗಮನಕ್ಕೆ ಬಂದಿವೆ.

(ಅ) ನೆರಳಿನಲ್ಲಿಟ್ಟ ಸಂಡಿಗೆ ಒಣಗಲಿಲ್ಲ, ಮುಗ್ಗಿತು. ಅದನ್ನು ಕರಿದು ಬಡಿಸಿದಾಗ ತಾವು ವಾರವಿಡೀ ಮಾತಾಡದೆ ತಿಂದಿರಿ. ಉಪ್ಪು ಒಂದು ಕಲ್ಲು ಹೆಚ್ಚಾದರೆ ಕಾರಣ ಕೇಳುವವರು ತಾವು.

(ಆ) ಚಪ್ಪರದ ತೋಳು ಬಿಚ್ಚುವಾಗ ಕಿರುಗುಟ್ಟುತ್ತಿತ್ತು, ಕೂಸು ಬೆಚ್ಚಿಬೀಳುತ್ತಿತ್ತು. ಒಂದು ದಿನ ಕಿರುಗುಟ್ಟಲಿಲ್ಲ. ಅದೇ ದಿನ ತಮ್ಮ ಪಂಚೆಯ ಅಂಚಿಗೆ ಹೊಲಿಗೆಯಂತ್ರದ ಎಣ್ಣೆಯ ಕಲೆಯಿತ್ತು.

(ಇ) ತೋಳಿನ ಬುಡದ ಚೂಪು ಮೂಲೆ ಜೋಲಿಯ ಪಕ್ಕಕ್ಕೇ ಬರುತ್ತಿತ್ತು. ಈಗ ಅದಕ್ಕೆ ಹಸಿರು ಉಣ್ಣೆಯ ತುಂಡೊಂದನ್ನು ಸುತ್ತಲಾಗಿದೆ. ಬಣ್ಣ ತಮ್ಮ ಮಫ್ಲರಿನದು. ತಮ್ಮ ಮಫ್ಲರು ಈಗ ಗಿಡ್ಡವಾಗಿದೆ.

(ಈ) ಮಧ್ಯಾಹ್ನದ ನಿದ್ದೆ ಮುಗಿದೊಡನೆ ಗಾಡಿ ಹತ್ತಿ ಮಾರುಕಟ್ಟೆಗೆ ಹೋಗುತ್ತಿದ್ದವರು ಈಗ ನಡೆದು ಹೋಗುತ್ತೀರಿ. "ಡಾಕ್ಟರು ಹೇಳಿದಾರೆ" ಎಂದಿರಿ. ಯಾವ ಡಾಕ್ಟರೆಂದು ಅರ್ಜಿದಾರಳು ಕೇಳಿಲ್ಲ.

ಸದರಿ ಸಂಗತಿಗಳ ಬಗ್ಗೆ ಅರ್ಜಿದಾರಳು ಯಾವುದೇ ತನಿಖೆ ನಡೆಸಿರುವುದಿಲ್ಲ, ನಡೆಸುವುದೂ ಇಲ್ಲ.

೧೨. ಹಾಗಿದ್ದರೂ ತಾವು ಚಪ್ಪರವನ್ನು ಕಳಚಲು ಹೊರಟಿದ್ದೀರಿ. ಸೂರ್ಯನಾರಾಯಣ ಅವರ ಮಾತಿಗೆ ಹೆದರಿ ಎಂದು ಅರ್ಜಿದಾರಳು ಮೊದಲು ಎಣಿಸಿದ್ದಳು. ಅದು ತಪ್ಪು. ಮೊನ್ನೆ ಆದೇಶ ಹೊರಡಿಸಿದ ಮೇಲೆ ತಾವು ಗೋಡೆಯ ಕಡೆ ನೋಡಿಕೊಂಡು, "ಒಂದು ಸಲವಾದ್ರೂ ನಿನಗೆ ಹೊಲದ ಪಕ್ಕ ಊಟ ಮಾಡಿಸ್ಬೇಕು ಕಣೇ, ಅಷ್ಟೇ" ಎಂದಿರಿ. ಅರ್ಜಿದಾರಳು ಒಗ್ಗರಣೆ ಸೀದುಹೋಗುತ್ತಿದೆಯೆಂದು ಒಳಗೆ ಹೋದಳು. ಒಲೆಯ ಮೇಲೆ ಒಗ್ಗರಣೆ ಇರಲಿಲ್ಲ.

ಅಂದರೆ ಅರ್ಜಿದಾರಳ ನೆರಳಿಗಾಗಿ ಕೂಸಿನ ನೆರಳು ಹೋಗುತ್ತಿದೆ. ಈ ಲೆಕ್ಕ ಅರ್ಜಿದಾರಳಿಗೆ ಒಪ್ಪಿಗೆಯಿಲ್ಲ.

೧೩. ಚಪ್ಪರವನ್ನು ಎಡಕ್ಕೆ ಹಾಕಿದ ಮೇಲೆ ಗಾಡಿಯನ್ನು ಮುಖ ಒಳಗೆ ಮಾಡಿ ನಿಲ್ಲಿಸಿದರೆ ಬೆಂಚಿಗೆ ನೆರಳು ಸಿಕ್ಕೇ ಸಿಗುತ್ತದಲ್ಲ ಎಂದು ತಾವು ಕೇಳಬಹುದು. ಸಿಗುತ್ತದೆ. ಆದರೆ ಪ್ರತಿ ಸಲ ಹೊರಡುವಾಗ ತಾವು ಹಿಮ್ಮುಖವಾಗಿ ಮುಖ್ಯರಸ್ತೆಯ ಲಾರಿಗಳ ಮಧ್ಯಕ್ಕೆ ಇಳಿಯಬೇಕಾಗುತ್ತದೆ. ತಮ್ಮ ಕುತ್ತಿಗೆ ಹಿಂದಕ್ಕೆ ತಿರುಗದೆ ಎಷ್ಟೋ ಕಾಲವಾಯಿತು. ಅಲ್ಲದೆ ಗೂಡಿನ ಎಡಬದಿಯಲ್ಲಿ ಜಾರುಕಿಟಕಿಯಿದೆ. ತೋಳು ಕೂರಬೇಕಾದ ಜಾಗದಲ್ಲೇ ಅದರ ಚೌಕಟ್ಟಿದೆ. ಅದನ್ನು ಕೊರೆದು, ಬೇರೆ ಕಡೆ ಸರಿಸಿ, ಈ ಕಡೆಯ ತೂತುಗಳನ್ನು ಮುಚ್ಚುವವರೆಗೆ ಚಪ್ಪರ ತಾತ್ಕಾಲಿಕವಾಗಿ ಒಳಗಿರಲಿ ಎನ್ನುತ್ತೀರಿ.

ಈ ಮನೆಯಲ್ಲಿ ತಾತ್ಕಾಲಿಕವಾಗಿ ಬಿಚ್ಚಿಟ್ಟವುಗಳ ಚರಿತ್ರೆ ಅರ್ಜಿದಾರಳಿಗೆ ಗೊತ್ತು. ಬಾಗಿಲ ಗಂಟೆಯನ್ನು ತಾವು ರಿಪೇರಿಗೆಂದು ಬಿಚ್ಚಿದಾಗ ರೋಹಿತ ಇನ್ನೂ ಕಾಲೇಜಿನಲ್ಲಿದ್ದ, ನಮಗೆ ಪರಿಚಯವೇ ಇರಲಿಲ್ಲ. ಗಂಟೆ ಇಂದಿಗೂ ಬೀರುವಿನ ಮೇಲೆ ವಿಶ್ರಾಂತಿಯಲ್ಲಿದೆ, ಬಂದವರು ಬಾಗಿಲು ಬಡಿಯುತ್ತಾರೆ. ಗಂಟೆಯಿಲ್ಲದೆ ನಡೆಯುತ್ತದೆ. ಕೂಸಿಗೆ ಬೇಸಿಗೆ ಈಗ ಇದೆ, ರಿಪೇರಿ ಮುಗಿಯುವ ತನಕ ಕಾಯುವುದಿಲ್ಲ. ಭಾನುವಾರ ಡ್ರಿಲ್ ಬಂದರೆ ಸೋಮವಾರ ಮಧ್ಯಾಹ್ನ ಸುಗಲಮ್ಮ ಮತ್ತೆ ಸಿಮೆಂಟ್ ಚೀಲ ಹಿಡಿದು ನಿಲ್ಲುತ್ತಾರೆ. ಇಷ್ಟೇ ವಿಷಯ.

೧೪. ಹಾಗಾದರೆ ಹೊಲದ ಪಕ್ಕದ ಊಟದ ಗತಿಯೇನು ಎಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೆ ಉತ್ತರ ಸುಗಲಮ್ಮನ ಒಂದು ತಮಾಷೆಯ ಮಾತಿನಿಂದ ಹೊಳೆಯಿತು. ನಿನ್ನೆ ಅವರು ಜೋಲಿ ತೂಗುತ್ತ, "ನಿಮ್ಮ ಗಾಡಿ ಯಾವಾಗ್ಲೂ ಓಡಿ ಹೋಗಾಕ ತಯಾರಾಗಿ ನಿಂತಂಗ ನಿಂದರ್ತೈತಲ್ರಿ ಅವ್ವಾ. ಯಜಮಾನ್ರು ನಿಮ್ಮನ್ನ ಯಾವ ದೇಶಕ್ಕ ಹಾರಿಸ್ಕೊಂಡು ಹೊಂಟಾರ?" ಎಂದರು.

"ಮೆಹಬೂಬ್‌ನಗರಕ್ಕೆ" ಎಂದಳು ಅರ್ಜಿದಾರಳು.

"ಅಷ್ಟಽ ದೂರಾ? ನಮ್ಮೂರ ಬಸ್ಸೂ ಅದಕ್ಕಿಂತ ಮುಂದ ಹೋಗ್ತಾವ ಬಿಡ್ರಿ."

ಅವರ ಮಾತಿಗೆ ನಗುತ್ತ ಒಳಗೆ ಬಂದ ಅರ್ಜಿದಾರಳಿಗೆ ಗಾಡಿ ನಿಂತ ರೀತಿಯೇ ಕಣ್ಣ ಮುಂದೆ ಉಳಿಯಿತು. ಅವಳು ಅಡಿಗೆಮನೆಯಲ್ಲಿ ಬೆಂಕಿಪೊಟ್ಟಣದ ಬಲಬದಿಗೆ ಒಂದು ಕರಿಬೇವಿನ ಎಲೆಯನ್ನು ಅನ್ನದ ಅಗುಳಿನಿಂದ ಅಂಟಿಸಿದಳು. ಲಟ್ಟಣಿಗೆ ರಸ್ತೆಯಾಯಿತು. ಪೊಟ್ಟಣವನ್ನು ರಸ್ತೆಯ ಎಡ ಅಂಚಿಗೆ ತಂದು ನಿಲ್ಲಿಸಿದರೆ ಎಲೆ ರಸ್ತೆಯ ಮೇಲೆ ಬಂತು. ಅದೇ ಜಾಗದಲ್ಲಿ ಪೊಟ್ಟಣವನ್ನು ಹಿಂದುಮುಂದಾಗಿ ತಿರುಗಿಸಿದಳು. ಎಲೆ ಹೊಲದ ಮೇಲೆ ಬಂತು. ಎರಡು ಮೂರು ಸಲ ಮಾಡಿ ನೋಡಿದಳು, ಪ್ರತಿ ಸಲವೂ ಬಂತು.

ಆದ್ದರಿಂದ, ಹೋಗಬೇಕಾದ ಕಡೆ ಹೋಗಿ ಸೇರಿದ ಮೇಲೆ ಗಾಡಿಯನ್ನು ಅಲ್ಲಿಯೇ ತಿರುಗಿಸಿ, ರಸ್ತೆ ಬಿಟ್ಟು ಅದೇ ಹೊಲದ ಅಂಚಿಗಿಳಿಸಿ, ಮುಖವನ್ನು ಬಂದ ದಾರಿಯ ಕಡೆಗೆ, ಅಂದರೆ ಮನೆಯ ಕಡೆಗೆ ಇಟ್ಟು ನಿಲ್ಲಿಸಿದರೆ ಸಾಕು. ಚಪ್ಪರ ಹೊಲದ ಮೇಲೆ ಬಿಚ್ಚಿಕೊಳ್ಳುತ್ತದೆ. ತೂತು ಬೇಡ, ಡ್ರಿಲ್ ಬೇಡ. ನೋಡಿದವರು ಇವರು ಆಗಲೇ ಹೊರಟರೇನೋ ಎಂದುಕೊಳ್ಳಬಹುದು. ಅದರಿಂದ ನಮಗೇನೂ ನಷ್ಟವಿಲ್ಲ. ಮನೆಯ ಕಡೆ ಮುಖ ಮಾಡಿ ಊಟ ಮಾಡುವುದು ಅರ್ಜಿದಾರಳಿಗೆ ಹಿತವೇ.

ಭಾನುವಾರ ಕಟ್ಟಡದ ಕೆಲಸಕ್ಕೆ ರಜೆ. ಅವರೆಲ್ಲ ಸಂತೆಗೆ ಹೋಗುತ್ತಾರೆ, ಕೂಸಿಗೆ ಅಂದು ನಮ್ಮ ನೆರಳು ಬೇಡ. ಹೀಗಾಗಿ ಸದರಿ ಚಪ್ಪರಕ್ಕೆ ವಾರದಲ್ಲಿ ಒಂದು ದಿನ ಮಾತ್ರ ಬಿಡುವಿದ್ದು, ಅದು ನಮಗೆ ಸಾಕು.

ಪ್ರಾರ್ಥನೆ:

ಮೇಲ್ಕಂಡ ಎಲ್ಲ ಕಾರಣಗಳಿಂದ, ಆದ್ದರಿಂದ, ಹಾಗೂ ಇವ್ಯಾವುವೂ ಸಾಲದಿದ್ದರೆ ಸುಮ್ಮನೆ ಅರ್ಜಿದಾರಳ ಮುಖ ನೋಡಿಯಾದರೂ, ಮಾನ್ಯರು ದಯಮಾಡಿ,

ಕ) ಚಪ್ಪರವನ್ನು ಇದ್ದಲ್ಲಿಯೇ ಬಿಡುವುದು.

ಖ) ಬರುವ ಭಾನುವಾರ ಅರ್ಜಿದಾರಳನ್ನು ಅದೇ ಸೂರ್ಯಕಾಂತಿ ಹೊಲಕ್ಕೆ ಮತ್ತೆ ಕರೆದುಕೊಂಡು ಹೋಗುವುದು. ಹೂವು ಈಗ ಕಟಾವಾಗಿರಬಹುದು. ಅಡ್ಡಿಯಿಲ್ಲ, ಬಾವಿ ಇರುತ್ತದೆ. ಅದೇ ಬಸ್ಸು ಬಂದರೆ ಕಂಡಕ್ಟರಿಗೆ ಕೊಡಲು ಒಂದು ಡಬ್ಬಿ ಹೆಚ್ಚಿಗೆ ಕಟ್ಟಲಾಗುವುದು.

ಗ) ಸೂರ್ಯನಾರಾಯಣ ಅವರನ್ನೂ ಗೂಡಿನೊಳಗೆ ಕೂರಿಸಿಕೊಂಡು ಹೋಗುವುದು. ಅಮೆರಿಕಕ್ಕೆ ಯಾವಾಗ ಎಂದು ಕೇಳುತ್ತಿದ್ದವರಿಗೆ ಇದು ತಕ್ಕ ಉತ್ತರವಾಗುತ್ತದೆ. ಗಾಡಿ ತಿರುಗಿಸುವಾಗ ಹಿಂದೆ ನೋಡಿ ಹೇಳಲು ಒಬ್ಬರು ಬೇಕಾಗಿಯೂ ಇದೆ.

ಘ) ಕುಕ್ಕರಿಗೆ ಹೊಸ ರಬ್ಬರು ತರುವುದು. ಇದು ಈ ಅರ್ಜಿಯ ವ್ಯಾಪ್ತಿಗೆ ಬಾರದಿದ್ದರೂ ಅವಕಾಶ ಸಿಕ್ಕಿದ್ದರಿಂದ ಸೇರಿಸಲಾಗಿದೆ.

ಇಂತಿ, ತಮ್ಮ ಎಡಬದಿಯ ಆಸನದ ಖಾಯಂ ವಿಶ್ವಾಸಿ,

(ಸಹಿ) ಕುಮುದಾ

ಲಗತ್ತುಗಳು:
೧. ಬೆಂಕಿಪೊಟ್ಟಣ, ಕರಿಬೇವಿನ ಎಲೆ ಸಮೇತ (ಪರಿಶೀಲನೆಯ ನಂತರ ಅಡಿಗೆಮನೆಗೆ ಹಿಂದಿರುಗಿಸುವುದು).
೨. ಹಸಿರು ಮಫ್ಲರು, ಕತ್ತರಿಸಿದ ಅಂಚಿಗೆ ಹೊಲಿಗೆ ಹಾಕಿದ್ದು.
೩. ಒಂದು ಲೋಟ ಮಜ್ಜಿಗೆ.

ಪ್ರತಿ: ಶ್ರೀ ಸೂರ್ಯನಾರಾಯಣ ಅವರ ಮಾಹಿತಿಗಾಗಿ. ಭಾನುವಾರ ಡ್ರಿಲ್ ಬದಲಿಗೆ ತಮ್ಮ ಮನೆಯ ಗೋಂಗೂರ ಉಪ್ಪಿನಕಾಯಿ ತರಲು ಕೋರಲಾಗಿದೆ.

ವಿಶೇಷ ಸೂಚನೆ: ಈ ಅರ್ಜಿಗೆ ಲಿಖಿತ ಆದೇಶದ ಅಗತ್ಯವಿಲ್ಲ, "ಹ್ಞೂಂ" ಎಂದರೆ ಸಾಕು. ಅದನ್ನೂ ಮೆಲ್ಲಗೆ ಹೇಳುವುದು. ಕೂಸು ಈಗ ತಾನೇ ಮಲಗಿದೆ.